ನಡುವಿನ ಮೂರು ಚುಕ್ಕಿ

ಲಾಲ್‌ಬಾಗಿನ ಗಿರಣಿ ಕಾರ್ಮಿಕರ ಸಂಘದ ಕಚೇರಿ,
ಎರಡನೇ ಮಾಳಿಗೆ, ಫ್ಯಾನು ಒಂದೇ.
ಮನೆ ಲಾಟರಿಯ ಪಟ್ಟಿ ಪೆನ್‌ಡ್ರೈವಿನಲ್ಲಿ ಬಂದಿತ್ತು.
ಎರಡು ಸಾಲು ಪೈಥಾನ್ ಬರೆದು ತೆರೆದೆ:
ಮೊದಲ ಐದು ಹೆಸರು,
ಕೊನೆಯ ಐದು ಹೆಸರು,
ನಡುವೆ ಮೂರು ಚುಕ್ಕಿ.
ಕೆಳಗೆ ಸಣ್ಣಕ್ಷರದಲ್ಲಿ, ಒಟ್ಟು ಸಾಲು ೧೭೪೩.

ನೀಲವ್ವ ಕುರ್ಚಿ ಎಳೆದು ಕೂತಿದ್ದಳು.
ಮಡಿಲಲ್ಲಿ ಚೀಲ, ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಮಿಲ್ಲಿನ ಹಿತ್ತಾಳೆ ಬಿಲ್ಲೆ, ರೇಷನ್ ಕಾರ್ಡು.
‘ಯವ್ವಾ, ಇಷ್ಟ ಮಂದಿಗೇನು ಮನಿ?’
ಅಲ್ಲ, ಉಳಿದವರು ಆ ಚುಕ್ಕಿಯೊಳಗಿದ್ದಾರೆ, ಎಂದೆ.
ಕನ್ನಡಕ ಒರೆಸಿ ಬಾಗಿ ನೋಡಿದಳು,
ಸಾಸಿವೆಯಲ್ಲಿ ಹುಳ ಹುಡುಕುವಂತೆ.
‘ಭಾಳ ಇಕ್ಕಟ್ಟಾತು.
ನಮ್ಮ ಖೋಲೀನ ವಾಸಿ. ಹನ್ನೊಂದೇ ಮಂದಿ ಇದ್ವಿ.’

ಯಂತ್ರದ ತಪ್ಪಲ್ಲ, ಅದಕ್ಕೊಂದು ಸಂಕೋಚ.
ಉದ್ದದ್ದು ಕಂಡರೆ ತಲೆ ತೋರಿಸಿ, ಬಾಲ ತೋರಿಸಿ
ಹೊಟ್ಟೆ ಮುಚ್ಚಿಕೊಳ್ಳುತ್ತದೆ.
ಅರವತ್ತು ದಾಟಿದರೆ ಮಡಿಚಿಡು ಎಂದು
ಯಾರೋ ಎಲ್ಲೋ ಒಮ್ಮೆ ಹೇಳಿಟ್ಟು ಹೋಗಿದ್ದಾರೆ.
ಆ ಮಿತಿ ತೆಗೆಯಬೇಕಾದರೆ
ಸೊನ್ನೆ ಬರೆದರೆ ಸಾಲದು, ‘ಇಲ್ಲ’ ಎಂದು ಬರೆಯಬೇಕು.
ಸೊನ್ನೆಯೂ ಒಂದು ಲೆಕ್ಕ.
ಇಲ್ಲ ಅಂದರೆ ಲೆಕ್ಕವನ್ನೇ ಇಡಬೇಡ ಅಂತ.

ಬರೆದು ಒತ್ತಿದೆ.
ಸಾವಂತ, ಶೇಲಾರ್, ಘಾಡಿಗಾಂವ್ಕರ್, ಅನ್ಸಾರಿ,
ಸೈಜಿಂಗ್ ಖಾತೆ, ಬಾಬಿನ್ ಖಾತೆ, ರಾತ್ರಿಪಾಳಿ,
ಮೃತ, ಮೃತ, ಹಯಾತ್, ಮೃತ,
ಪರದೆಯ ತುಂಬ, ಪರದೆ ಸಾಲದೆ, ಬೆರಳು ಸೋಲುವ ತನಕ.
‘ಭೋಂಗಾ ಆದಂಗಾತು’ ಅಂದಳು ನೀಲವ್ವ,
‘ಗೇಟು ತೆಗದಂಗ.’

ಯಜಮಾನರ ಹೆಸರು?
ನಕ್ಕಳು. ಹೇಳಿಬಿಡಲಿಕ್ಕಾಗುತ್ತದೆಯೇ?
‘ಎರಡು ಹೊಳಿ ಕೂಡ್ತಾವಲ್ಲ, ಅಲ್ಲಿ ದೇವರು.’
ಸಂಗಪ್ಪ ಎಂದು ಹುಡುಕಿದೆ. ಒಂಬತ್ತು ಮಂದಿ ಸಿಕ್ಕರು.
ಅಡ್ಡಹೆಸರು ಮಾತ್ರ ತಡವಿಲ್ಲದೆ ಬಂತು, ಹಳಿಂಗಳಿ.
ಅದು ಆಕೆಯದೂ ಹೌದಲ್ಲ.

ಸಾಲು ೯೧೨. ಕೊನೆಯ ಕಂಬ, ಷರಾ.
ಅರ್ಜಿ ನಂಬರು, ತಾರೀಖು, ವಾರ್ಡು, ಎಲ್ಲ ಆಗಿ
‘ಪಾತ್ರ...’
ಮರಾಠಿಯಲ್ಲಿ ಪಾತ್ರ ಅಂದರೆ ಅರ್ಹ.
ಆಕೆಗೂ ಗೊತ್ತು. ನನ್ನ ಮಣಿಕಟ್ಟು ಹಿಡಿದಳು.
ಆದರೆ ಮುಂದೆ ಮತ್ತವೇ ಮೂರು ಚುಕ್ಕಿ;
ಉದ್ದಕ್ಕಿದ್ದಂತೆ ಅಗಲಕ್ಕೂ ಒಂದು ಮಿತಿ.
ತುಸು ಅಗಲಿಸಿದೆ.
‘ಪಾತ್ರ ನಾಹೀ...’

ಕೈ ಸರಿಯಿತು.
ನಮ್ಮ ಮಾತೂ ಹಾಗೆ, ಮರಾಠಿಯೂ ಹಾಗೆ,
ಇಲ್ಲವನ್ನು ಬಾಲಕ್ಕೆ ಕಟ್ಟುತ್ತದೆ.
ಬಾಲ ಕತ್ತರಿಸಿದರೆ ಎಲ್ಲರಿಗೂ ಮನೆಯುಂಟು.

ಅಲ್ಲಿಗೆ ಬಿಡಬಹುದಿತ್ತು, ಊಟದ ಹೊತ್ತು ಬೇರೆ.
ಅಗಲಕ್ಕೂ ‘ಇಲ್ಲ’ ಎಂದು ಬರೆದೆ, ಕಣ್ಣು ಅರೆಮುಚ್ಚಿ.
‘ಪಾತ್ರ ನಾಹೀ ಅಸೇ ಮ್ಹಣತಾ ಯೇತ ನಾಹೀ.’
ಅರ್ಹರಲ್ಲ ಎನ್ನಲು ಬರುವುದಿಲ್ಲ.
ಮಸ್ಟರ್ ಪುಸ್ತಕದ ಪುಟ ಹರಿದಿದೆ.
ಜೊತೆಗೆ ದುಡಿದ ಇಬ್ಬರು ಸಾಕ್ಷಿ ನುಡಿದರೆ
ವಿಚಾರ ಮಾಡಬಹುದು. ವಾರಸು, ಪತ್ನಿ, ನೀಲವ್ವ.

ಸರಕಾರದ ಗುಮಾಸ್ತ ಯಾರೋ ಪುಣ್ಯಾತ್ಮ
ಎರಡು ಇಲ್ಲ ಸೇರಿಸಿ ಒಂದು ಕಿಟಕಿ ಮಾಡಿಟ್ಟಿದ್ದ.

‘ಇಬ್ಬರು?’ ನೀಲವ್ವ ಬೆರಳು ಮಡಿಚಿದಳು.
‘ಒಬ್ಬ ಕಾಳಾಚೌಕಿಯಾಗ ಅದಾನ, ಕಿವಿ ಕೇಳಂಗಿಲ್ಲ.
ಇನ್ನೊಬ್ಬ...’
ಕಿಟಕಿಯಾಚೆ ಹಳೆ ಚಿಮಣಿಯನ್ನು ನೋಡುತ್ತ ಕೂತಳು.
ಆ ಮೂರು ಚುಕ್ಕಿ ಬಿಚ್ಚಲು
ನನ್ನ ಬಳಿ ಯಾವ ಆಜ್ಞೆಯೂ ಇರಲಿಲ್ಲ.

ಅವಳ ಸಾಲೊಂದನ್ನೇ ಪ್ರಿಂಟ್ ಕೊಟ್ಟೆ.
ಪ್ರಿಂಟರಿಗೂ ಅದರದೇ ಅಂಚು:
‘ಪತ್ನಿ, ನೀ’ ಎಂಬಲ್ಲಿ ಕಾಗದ ಮುಗಿಯಿತು.
ಹಿಂಬದಿಗೆ ತಿರುಗಿಸಿ, ಪೆನ್ನು ಜಾಡಿಸಿ,
ಉಳಿದದ್ದನ್ನು ಕೈಯಾರೆ ಬರೆದುಕೊಟ್ಟೆ:
ಲವ್ವ.